ನೂರು ಕಾಳಿನ ಗಂಟು

ಸುರೇಬಾನ
ತಾ. 18-9-2024

ಚಿ. ಶಿವಾನಿಗೆ ನಿನ್ನ ಅಜ್ಜಿ ಸುಂದರವ್ವ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೈದು ದಿನ ಆತು. ಅಜ್ಜಿ ಮರತಳು ಅಂತ ಮಾರಿ ಊದಿಸಿಕೊಂಡು ಕುಂದರಬ್ಯಾಡ. ಸಾಲ್ಯಾಗ ಮೂರನೆತ್ತಾ ತನಕ ಕಲತ ಕೈ ಇದು, ಒಂದು ಸಾಲು ಬರಿಯೂದರಾಗ ಚಾ ಆರತೈತಿ. ಫೋನ ಯಾಕ ಮಾಡಲಿಲ್ಲ ಅನ್ನೂದು ಕಡೀಕ ತಿಳೀತೈತಿ.

ಬೈಲಹೊಂಗಲದ ಕಾಲೇಜಿನಾಗ ಕಲಿಸಾಕ ಸೇರಿ ಇನ್ನೂ ಮೂರು ತಿಂಗಳು ಆಗಿಲ್ಲ, ಆಗಲೇ ಸೋತೆ ಅಂತ ಬರದೀದಿ. ಪಾಠದ ನಡುವ "ಇದು ಖರೇ ಅಂತ ನಿಮಗ ಹೆಂಗ ಗೊತ್ತು?" ಅಂತ ಕೇಳಿದ್ರ ಅರವತ್ತು ಹುಡುಗರೂ ನೆಲ ನೋಡತಾರಂತ, "ನೋಟ್ಸ್ ಕೊಡ್ರಿ ಮಿಸ್" ಅಂತಾರಂತ. ಪ್ರಿನ್ಸಿಪಾಲರು "ದಸರಾ ಸೂಟಿ ತನಕ ನೋಡತೇನಿ, ಆಮ್ಯಾಲ ಸುಮ್ಮನ ನೋಟ್ಸ್ ಬರಸರಿ" ಅಂದಾರಂತ. ಬಿಟ್ಟುಬಿಡಲೇನು ಅಜ್ಜಿ ಅಂತ ನನ್ನ ಕೇಳತಿ. ನನಗೇನು ಗೊತ್ತ ತಂಗಿ, ಕಾಲೇಜು? ಆದ್ರ ಆ "ಹೆಂಗ ಗೊತ್ತು" ಅನ್ನೂದು ಕಾಳಿಗೆ ನುಸಿ ಹೊಕ್ಕಂಗ ತಲ್ಯಾಗ ಹೊಕ್ಕಿತು. ನೋಡೇಬಿಡೂಣು ಅಂದೆ.

ಹಿಂಗಾರಿ ಜೋಳ ಬಿತ್ತೂ ಹೊತ್ತು. ಬಾಜೂ ಮನಿ ಜ್ಯೋತ್ಸ್ನಾ, ಒಂಬತ್ತನೆತ್ತಾ ಓದಾಕಿ, ಕಟ್ಟಿ ಮ್ಯಾಲ ಕುಂತು ಒದರಾಕ ಹತ್ತಿದ್ಲು: "ಬೀಜ ಮೊಳೆಯಲು ನೀರು, ಗಾಳಿ, ಉಷ್ಣತೆ ಬೇಕು." ನಾ ಒಂದು ಬೊಗಸಿ ಜೋಳ ಅಕೀ ಮುಂದ ಹಿಡದೆ. "ಹಂಗಾರ ಇವು ಮೊಳಿತಾವೇನ?"

"ಅದು ಪಾಠದಾಗ ಇಲ್ಲರೀ ಅಜ್ಜಿ."

"ಪಾಠದಾಗ ಇಲ್ಲಂದ್ರ ಹೊಲದಾಗೂ ಇಲ್ಲೇನ? ಹುಚ್ಚಿ!"

ಬಿತ್ತೂಕಿಂತ ಮೊದಲ ನೂರು ಕಾಳು ಎಣಿಸಿ ಹಸಿ ಅರಬ್ಯಾಗ ಗಂಟು ಕಟ್ಟಿ, ನಾಕನೇ ದಿನ ಬಿಚ್ಚಿ ಮೊಳಕಿ ಎಣಸೂದು ನಮ್ಮನಿ ಪದ್ಧತಿ, ನಿನಗ ಗೊತ್ತೈತಿ. ಈ ವರ್ಷ ನಾ ಕಟ್ಟಿದ್ದಿಲ್ಲ. "ನಮ್ಮ ಹೊಲದ್ದ ಬೀಜ, ತೊಂಬತ್ತಕ್ಕ ಕಡಿಮಿ ಬಂದ್ರ ನನಗ ಬ್ಯಾರೆ ಹೆಸರಿಡ" ಅಂದೆ. ಜ್ಯೋತ್ಸ್ನಾಗ ತೋರಸೂ ಸಲುವಾಗಿ ಕಟ್ಟಿದೆ. ಆ ಹುಡುಗಿ ಸಾಲಿ ಬಿಟ್ಟಕೂಡಲೇ ಬಂದು ಗಂಟು ಮುಟ್ಟೂದೇನು, ನೀರು ಚಿಮುಕಿಸೂದೇನು! ಬಿಚ್ಚಿದರ ಐವತ್ತೆಂಟು.

"ಅಜ್ಜಿ, ತೊಂಬತ್ತು ಅಂತ ನಿಮಗ ಹೆಂಗ ಗೊತ್ತಿತ್ತರೀ?" ಅಂದ್ಲು.

ನಿನ್ನ ಪ್ರಶ್ನಿ ನಮ್ಮ ಕಟ್ಟಿಗೇ ಬಂದು ಕುಂತಿತು ನೋಡು. ನನ್ನ ಕೈ ತಾನ ಮ್ಯಾಲ ಎದ್ದಿತು. ಹುಡುಗಿ ಹಿಂದ ಸರದ್ಲು. ಕೈ ಇಳಿಸಿ "ಗೊತ್ತಿರಲಿಲ್ಲ" ಅಂದೆ. ಎಪ್ಪತ್ತೆರಡು ವರ್ಷದಾಗ ಮೊದಲನೇ ಸಲ ಅಂದ ಮಾತು. ಬಾಯೇನೂ ಹುಣ್ಣಾಗಲಿಲ್ಲ. ಆಮ್ಯಾಲ ಅಕೀ ಬಾಯಿ ನಿಲ್ಲವಲ್ತು. "ಎಲ್ಲಿ ಇಟ್ಟಿದ್ರಿ? ಬೂದಿ ಕಲಸಿದ್ರೇನು? ಪ್ಲಾಸ್ಟಿಕ್ ಚೀಲದಾಗ ಕುದ್ದಾವೇನು?" ಈಗ ಚೀಲದಾಗಿಂದು ನೂರು, ಗಡಿಗ್ಯಾಗಿಂದು ನೂರು ಬ್ಯಾರೆ ಬ್ಯಾರೆ ಕಟ್ಟೀವಿ. ಶುಕ್ರವಾರ ಬಿಚ್ಚತೇವಿ. ನನಗ ಕುಂತಲ್ಲಿ ಕುಂದರಾಕ ಆಗವಲ್ತು.

ಬಿಡಬ್ಯಾಡ. ದಸರಾ ತನಕ ಹೊತ್ತೈತಿ. ಒಮ್ಮೆ ಹುಡುಗರ ಮುಂದ ನೀನ ತಪ್ಪಿ, ಗೊತ್ತಿಲ್ಲ ಅಂದು ನೋಡು. ಏನಾತು ಅಂತ ನನಗ ಬರಿ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗ ನೂರು ವರ್ಷ ಕೊಡಲಿ, ನೂರೂ ವರ್ಷ ಕೇಳಕೋತ ಇರು.

ನಿನ್ನ ಅಜ್ಜಿ
ಸುಂದರವ್ವ

ತಾ.ಕ.: ಒಮ್ಮೆ ಹಿಂಗ ಎದ್ದ ಕೈ ನಾ ಇಳಿಸಿದ್ದಿಲ್ಲ. ನಿಮ್ಮವ್ವ ಪದ್ಮವ್ವನ ಲಗ್ನ ಗೊತ್ತು ಮಾಡಿದಾಗ ಅಕಿ ಕೇಳಿದ್ಲು, "ಗಂಡಿನ ಮನಿ ಹಿರೀ ಸೊಸಿ ತವರಿಗೆ ಹೋದಾಕಿ ಯಾಕ ತಿರುಗಿ ಬಂದಿಲ್ಲ? ಛಲೋ ಮಂದಿ ಅಂತ ನಿನಗ ಹೆಂಗ ಗೊತ್ತವ್ವಾ?" ಬಾಯಿ ಮ್ಯಾಲ ಹೊಡದೆ. ಜೋಳಕ್ಕ ಅರಬಿ ಕಟ್ಟಿ ನೋಡೂ ನಾನು ಆ ಮನಿ ಬಗ್ಗೆ ಒಂದು ಮಾತು ವಿಚಾರಿಸಲಿಲ್ಲ. ವರ್ಷ ತುಂಬೂದರಾಗ ನಿನ್ನ ಹೊಟ್ಟ್ಯಾಗ ಇಟಕೊಂಡು ತಿರುಗಿ ಬಂದ್ಲು. ಇಪ್ಪತ್ತೆಂಟು ವರ್ಷ ಒಂದ ಮನ್ಯಾಗ ಅದೀವಿ. ಅಕಿ ನನ್ನ ಏನೂ ಕೇಳಿಲ್ಲ, "ಉಂಡೀ ಏನವ್ವಾ" ಅಂತನೂ. ತಾಟು ಇಟ್ಟು ಹೋಗತಾಳ. ನಿನ್ನ ಹುಡುಗರು ನೆಲ ನೋಡಿದ್ರ ಸಿಟ್ಟಾಗಬ್ಯಾಡ.

ಈ ಕಾಗದ ಪೋಸ್ಟಿಗೆ ಹಾಕಾಕ ನಿಮ್ಮವ್ವನ ಕೈಯಾಗ ಕೊಡತೇನಿ. ಲಕೋಟಿ ಅಂಟಿಸಿಲ್ಲ.