ಐವತ್ತಾರು ಜನ ಸೋಲಬೇಕು

ಸೋಮವಾರ, ಬೆಳಗ್ಗೆ

ಪ್ರೀತಿಯ ಚೂಟಿ,

ಈ ಹೆಸರು ಹಿಡಿದು ಕರೆದರೆ ನೀನು ಮುಖ ಸಿಂಡರಿಸುತ್ತೀಯ ಎಂದು ಗೊತ್ತು. ಸಿಂಡರಿಸು, ಕಾಗದದಲ್ಲಿ ನನಗೆ ಕಾಣುವುದಿಲ್ಲ. ನಿನ್ನೆ ಮಾತಿನ ಮಧ್ಯೆ ನೀನು ಫೋನ್ ಇಟ್ಟ ಮೇಲೆ ಮತ್ತೆ ಮೂರು ಸಲ ಮಾಡಿದೆ. ನೀನು ಎತ್ತಲಿಲ್ಲ. ಮೂವತ್ತೆಂಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಕಿವಿಗೆ ಹಾಕಿಕೊಳ್ಳದವರಿಗೆ ಬರೆದು ಕೊಡುವುದು ನನ್ನ ಅಭ್ಯಾಸ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿದು ಹಾಕು.

ವಿಷಯ ಒಂದೇ. ನಿನ್ನ ಮಗಳು ಯಾಕಮ್ಮನ ಶಾಲೆಯಿಂದ ಬಂದ ಆ ಅರ್ಜಿಗೆ ಶುಕ್ರವಾರದೊಳಗೆ ನಿನ್ನ ಸಹಿ ಬೀಳಬೇಕು. ಅಳಿಯಂದಿರ ಸಹಿ ಆಗಿದೆ, ನಿನ್ನ ಜಾಗ ಮಾತ್ರ ಖಾಲಿ. ಶುಕ್ರವಾರ ದಾಟಿದರೆ ಜಾಣ ಮಕ್ಕಳ ವಿಶೇಷ ತರಗತಿಯ ಆ ಜಾಗ ಬೇರೆ ಮಗುವಿಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಇದು ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ಹಾಗೆ ಹೋಗುವುದು ಹೇಗೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಈ ಊರಿನಲ್ಲಿ ಯಾರಿದ್ದಾರೆ?

ರಜೆಯಲ್ಲಿ ಮೂರು ವಾರ ನನ್ನ ಹತ್ತಿರ ಇದ್ದಾಗ ನಿನ್ನ ಮಗಳು ಆ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಚಪ್ಪಲಿ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದಳು. "ಅಮ್ಮ ಬೇಡ ಅಂದ್ಳು. ಯಾಕಜ್ಜಿ?" ಎಂದಳು. ನಾವು ಇಟ್ಟ ಹೆಸರು ಸುಮ್ಮನೆ ಅಲ್ಲ, ಒಂಬತ್ತು ವರ್ಷದಿಂದ ಅವಳು ಕೇಳಿದ್ದೆಲ್ಲ ಯಾಕೆಯೇ. ಈ ಸಲ ಮಾತ್ರ ನಾನು ಅರ್ಜಿಯನ್ನು ಮತ್ತೆ ಮಡಿಸಿ ಅದೇ ಚೀಲದಲ್ಲಿಟ್ಟೆ.

ಅವಳ ಕ್ಲಾಸ್ ಟೀಚರ್ ಅವಳ ಜಾಣತನವನ್ನು ಹಿಡಿದದ್ದು ಹೇಗೆ ಎಂದು ನಿನಗೆ ಹೇಳಿದರೋ ಇಲ್ಲವೋ. ನಾನು ನಾಚಿಕೆ ಬಿಟ್ಟು ಅವರಿಗೆ ಫೋನ್ ಮಾಡಿ ಕೇಳಿದೆ. ಎಷ್ಟೋ ದಿನದಿಂದ ಯಾಕಮ್ಮನ ಲೆಕ್ಕವೆಲ್ಲ ತಪ್ಪಾಗುತ್ತಿತ್ತಂತೆ. ಹತ್ತಕ್ಕೆ ಸೊನ್ನೆ, ಹತ್ತಕ್ಕೆ ಒಂದು. ಬೇರೆಯವರಾಗಿದ್ದರೆ ದಡ್ಡಿ ಎಂದು ಹಿಂದಿನ ಬೆಂಚಿಗೆ ಕಳಿಸುತ್ತಿದ್ದರು. ಆ ಟೀಚರ್, ನಿನಗಿಂತ ಚಿಕ್ಕವರಿರಬೇಕು, ಒಂದು ಭಾನುವಾರ ಕೂತು ತಪ್ಪು ಉತ್ತರಗಳನ್ನೇ ನೋಡಿದರಂತೆ. ಪ್ರತಿಯೊಂದೂ ಸರಿಯಾದ ಉತ್ತರಕ್ಕಿಂತ ಏಳು ಹೆಚ್ಚು. ಎಲ್ಲವೂ, ಸರಿಯಾಗಿ ಏಳು! ಕರೆದು ಕೇಳಿದ್ದಕ್ಕೆ ನಮ್ಮ ಮಹಾರಾಣಿ ಹೇಳಿದ್ದು, "ಮೊದ್ಲು ಮುಗಿಸಿದ್ರೆ ಎಲ್ರೂ ನನ್ನೇ ನೋಡ್ತಾರೆ ಮಿಸ್. ಅದಕ್ಕೆ ತಪ್ಪು ಮಾಡ್ದೆ. ನಂಗೆ ಆಮೇಲೆ ಮರೀಬಾರ್ದಲ್ಲ, ಅದಕ್ಕೆ ಏಳು."

ಕೇಳಿ ನಾನು ನಕ್ಕೆ. ಫೋನ್ ಇಟ್ಟ ಮೇಲೆ ಅತ್ತೆ. ಮೂವತ್ತೆಂಟು ವರ್ಷದಲ್ಲಿ ತಪ್ಪು ಉತ್ತರಕ್ಕೆ ನಾನು ಕೆಂಪು ಗೆರೆ ಎಳೆದಿದ್ದೇನೆಯೇ ಹೊರತು ಒಂದು ಸಲವೂ ಕೂತು ನೋಡಿಲ್ಲ.

ನಿನ್ನೆ ನೀನು ಹೇಳಿದ ಮಾತು ಕಿವಿಯಲ್ಲೇ ಇದೆ. "ಜಾಣೆ ಅಂತ ಹೆಸರು ಬಿದ್ರೆ ಮೊದ್ಲು ಅನುಮಾನ ಬರೋದು ಮನೆಯೋರಿಗೇ ಅಮ್ಮ. ನನ್ ಮಗಳು ದಡ್ಡೀನೇ ಆಗಿರ್ಲಿ ಬಿಡು, ಕಳ್ಳಿ ಅನ್ನಿಸ್ಕೊಳೋದು ಬೇಡ." ಇಪ್ಪತ್ತೇಳು ವರ್ಷ ಈ ಮಾತನ್ನು ಎಲ್ಲಿ ಇಟ್ಟಿದ್ದೆ ನೀನು? ಹಬೆ ಬಂದ ಪಾತ್ರೆಯ ಮುಚ್ಚಳದ ಹಾಗೆ ಹಾರಿತು. ನಾನು ಆಗ ಏನೇನೋ ಒದರಿದೆ. ಈಗ ಸರಿಯಾಗಿ ಹೇಳುತ್ತೇನೆ.

ಅಂದು ನೀನು ಬರೆದ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆದವಳು ನಾನು, ತಿದ್ದಿದವಳೂ ನಾನು. ನಮ್ಮ ಶಾಲೆಯಿಂದ ಐದನೇ ಕ್ಲಾಸಿನ ಒಂದೇ ಮಗುವನ್ನು ಆ ದೊಡ್ಡ ಶಾಲೆಗೆ ಆರಿಸುವುದು. ಪ್ರಯೋಗಾಲಯ, ಪುಸ್ತಕ, ಇಂಥ ಮಕ್ಕಳನ್ನು ಹೇಗೆ ಬೆಳೆಸಬೇಕು ಎಂದು ತಿಳಿದ ಮೇಷ್ಟ್ರುಗಳು, ಎಲ್ಲ ಅಲ್ಲಿತ್ತು. ಸ್ಟಾಫ್ ರೂಮಿನಲ್ಲಿ ಪರೀಕ್ಷೆಗೆ ಮೊದಲೇ ಗುಸುಗುಸು ಶುರುವಾಗಿತ್ತು. ಡ್ರಾಯಿಂಗ್ ಮೇಷ್ಟ್ರು ನನಗೆ ಕೇಳುವ ಹಾಗೆಯೇ, "ಮನೇಲೇ ಅಡುಗೆ, ಮನೇಲೇ ಊಟ. ಇನ್ನು ಬಡಿಸೋರು ಬೇರೆ ಯಾಕೆ?" ಎಂದಿದ್ದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಿನಗೆ ಒಂದು ಅಂಕ ಹೆಚ್ಚು ಕೊಟ್ಟರೂ ಊರು ಆಡಿಕೊಳ್ಳುತ್ತದೆ ಎಂದು ಪೆನ್ನು ಹಿಡಿಯುವ ಮೊದಲೇ ನಾನು ತೀರ್ಮಾನ ಮಾಡಿಕೊಂಡಿದ್ದೆ.

ಕೊನೆಯ ಪ್ರಶ್ನೆ ನಿನಗೆ ನೆನಪಿರಬೇಕು. ಒಂದು ಪಂದ್ಯಾವಳಿಯಲ್ಲಿ ಐವತ್ತೇಳು ಆಟಗಾರರು. ಇಬ್ಬಿಬ್ಬರು ಆಡುತ್ತಾರೆ, ಸೋತವರು ಮನೆಗೆ ಹೋಗುತ್ತಾರೆ, ಒಬ್ಬರು ಉಳಿದರೆ ಅವರು ಮುಂದಿನ ಸುತ್ತಿಗೆ ಸುಮ್ಮನೆ ಹೋಗುತ್ತಾರೆ. ಕೊನೆಗೊಬ್ಬರು ಗೆಲ್ಲುವ ತನಕ ಒಟ್ಟು ಎಷ್ಟು ಆಟ? ನಾನು ಬರೆದಿಟ್ಟ ಉತ್ತರ ಅರ್ಧ ಪುಟ. ಮೊದಲ ಸುತ್ತು ಇಪ್ಪತ್ತೆಂಟು, ಎರಡನೆಯದು ಹದಿನಾಲ್ಕು, ಹಾಗೇ ಏಳು, ನಾಲ್ಕು, ಎರಡು, ಒಂದು. ಕೂಡಿದರೆ ಐವತ್ತಾರು. ಮಕ್ಕಳಲ್ಲಿ ಹೆಚ್ಚಿನವರು ಎಲ್ಲೋ ದಾರಿ ತಪ್ಪಿದ್ದರು. ನಿನ್ನ ಕ್ಲಾಸಿನ ಆ ಡ್ರೈವರ್ ಮಗಳು ಮಾತ್ರ ಸುತ್ತು ಸುತ್ತಾಗಿ ಬರೆದು ಮುಟ್ಟಿಸಿದ್ದಳು. ನಿನ್ನ ಕಾಗದದಲ್ಲಿ ಒಂದೇ ಸಾಲು. "ಐವತ್ತಾರು ಜನ ಸೋಲಬೇಕು. ಆದ್ದರಿಂದ 56."

ನನಗೆ ಅದು ತಲೆಬುಡ ತಿಳಿಯಲಿಲ್ಲ. ಹಂತವಿಲ್ಲ, ಕೂಡಿಸಿದ್ದಿಲ್ಲ, ಉತ್ತರ ಮಾತ್ರ ಸರಿ. ಪರೀಕ್ಷೆಯ ಹಿಂದಿನ ದಿನ ನಾನು ಮನೆಗೆ ಬಂದಾಗ ಬೀರುವಿನ ಬಾಗಿಲು ಅರ್ಧ ತೆರೆದಿತ್ತು. ಕೀಲಿ ಹೊಲಿಗೆ ಮಿಷನ್ನಿನ ಮೇಲಿತ್ತು. ಉತ್ತರದ ಹಾಳೆ ಬೀರುವಿನಲ್ಲೇ ಇತ್ತು. ಅಲ್ಲಿಗೆ ಮುಗಿಯಿತು ನನ್ನ ಲೆಕ್ಕ. ನೀನು ಬಣ್ಣದ ಪೆನ್ಸಿಲಿಗೆ ತೆಗೆದೆ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ.

ಆ ಸಂಜೆ ನಿನ್ನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದೆ. ಆ ಸಾಲಿನ ಅರ್ಥ ಹೇಳು ಎಂದೆ. "ಅಷ್ಟೇ ಅಮ್ಮ, ಅಷ್ಟು ಜನ ಸೋಲ್ಬೇಕಲ್ಲ" ಎಂದೆ ನೀನು. ಹಂತ ಎಲ್ಲಿ ಎಂದೆ. "ಹಂತ ಇಲ್ಲ" ಎಂದೆ ನೀನು. ನನಗೆ ಮೈ ಉರಿದುಹೋಯಿತು. ನಿಜ ಹೇಳುವ ತನಕ ಈ ಮನೆಯಲ್ಲಿ ಯಾರಿಗೂ ಊಟವಿಲ್ಲ, ನಿಮ್ಮಪ್ಪನಿಗೂ ಇಲ್ಲ ಎಂದೆ. ಡಿಪೋದಿಂದ ಬಂದ ಅವರು ಬೂಟು ಕೂಡ ಬಿಚ್ಚದೆ ಗೋಡೆಗೆ ಒರಗಿ ಕೂತರು. "ಮಗು ಸುಳ್ಳು ಹೇಳಲ್ಲ ಕಣೇ" ಎಂದು ಒಂದು ಸಲ ಅಂದರು. ನಾನು ಅವರ ಬಾಯಿ ಮುಚ್ಚಿಸಿದೆ. ನೀನು ಅವರನ್ನೇ ನೋಡುತ್ತಿದ್ದೆ. "ಹೌದು, ಬೀರು ತೆಗ್ದು ನೋಡ್ದೆ. ಈಗ ಅಪ್ಪಂಗೆ ಬಡಿಸು" ಎಂದೆ.

ನಾನು ಬಡಿಸಿದೆ. ನೀನೂ ಎರಡು ಸಲ ಹಾಕಿಸಿಕೊಂಡು ಉಂಡೆ. ಅದನ್ನೂ ನಾನು ಸಾಕ್ಷಿ ಎಂದುಕೊಂಡೆ. ಒಪ್ಪಿಕೊಂಡ ಮೇಲೆ ಮನಸ್ಸು ಹಗುರವಾಗಿ ಹಸಿವಾಗಿದೆ ಎಂದುಕೊಂಡೆ. ಹತ್ತು ವರ್ಷದ ಮಗು ಅಪ್ಪನ ಊಟಕ್ಕಾಗಿ ಕಳ್ಳಿಯಾದಳು ಎಂದು ಹೊಳೆಯುವಷ್ಟು ಬುದ್ಧಿ ಈ ಲೆಕ್ಕದ ಟೀಚರಿಗೆ ಇರಲಿಲ್ಲ.

ಕಳ್ಳತನದ ಮಾತನ್ನು ನಾಲ್ಕು ಗೋಡೆ ದಾಟಿಸಲಿಲ್ಲ, ಅದೊಂದು ಉಪಕಾರ ಮಾಡಿದೆ ಎಂದು ಇಷ್ಟು ವರ್ಷ ಬೀಗಿದ್ದೆ. ಹೆಡ್ಮಾಸ್ಟರಿಗೆ, ನನ್ನ ಮಗಳು ಹಂತ ಬರೆದಿಲ್ಲ, ಸೊನ್ನೆ ಕೊಟ್ಟಿದ್ದೇನೆ ಎಂದಷ್ಟೇ ಹೇಳಿದೆ. ಅವರು ಗುರುವಾರ ಬೆಳಗ್ಗೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಡ್ರೈವರ್ ಮಗಳ ಹೆಸರು ಕರೆದರು. ಸ್ವಂತ ಮಗಳಿಗೂ ರಿಯಾಯಿತಿ ತೋರಿಸದ ಟೀಚರ್ ಎಂದು ನನ್ನನ್ನು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನೂ ತಟ್ಟಿದೆ, ನಾನು ನೋಡಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾನು ಆ ಗಿಡವನ್ನು ಕಿತ್ತು ಹಾಕಿ ಹಿತ್ತಲು ಚೊಕ್ಕಟವಾಗಿದೆ ಎಂದು ಹೊಗಳಿಸಿಕೊಂಡವಳು.

ಆ ಡ್ರೈವರ್ ಮಗಳಿಗಾದರೂ ಒಳ್ಳೆಯದಾಯಿತೇ ಎಂದರೆ ಅದೂ ಇಲ್ಲ. ಹೋದ ವರ್ಷ ಬಸ್ಸಿನಲ್ಲಿ ಸಿಕ್ಕಿದ್ದಳು. ಈಗ ಮದುವೆ ಮನೆಗಳಿಗೆ ಹೂವಿನ ಅಲಂಕಾರ ಮಾಡುತ್ತಾಳಂತೆ, ಕೈ ತುಂಬ ಕೆಲಸ, ಮುಖದಲ್ಲಿ ಕಳೆ ಇದೆ. ಆದರೂ ಪಕ್ಕದಲ್ಲಿ ಕೂತವಳು ಕೇಳಿಯೇ ಬಿಟ್ಟಳು, "ಟೀಚರ್, ಅವತ್ತು ನನ್ನನ್ ಯಾಕೆ ಕಳಿಸಿದ್ರಿ? ಒಂದು ವರ್ಷ ದಿನಾ ಅತ್ತಿದೀನಿ. ನಂಗೆ ಅಲ್ಲಿ ಒಂದೂ ಅರ್ಥ ಆಗ್ತಿರ್ಲಿಲ್ಲ." ನಾನು ನನ್ನ ನಿಲ್ದಾಣ ಬರುವ ಮೊದಲೇ ಇಳಿದುಬಿಟ್ಟೆ.

ಆಮೇಲೆ ನೀನು ಏನಾದೆ ಎಂದು ನಿನಗೆ ನಾನು ಹೇಳಬೇಕೇ? ಪ್ರತಿ ವರ್ಷ ಅರವತ್ತು, ಅರವತ್ತೆರಡು. ಕ್ಲಾಸಿನಲ್ಲಿ ಕೈ ಎತ್ತಲಿಲ್ಲ. ನಾನು ಗೆಳತಿಯರ ಹತ್ತಿರ ನನ್ನ ಮಗಳು ಸಾಧಾರಣ, ಆದರೆ ಬಲು ಶಿಸ್ತು ಎನ್ನುತ್ತಿದ್ದೆ. ಆ ಮಾತು ನಿನ್ನ ಎದುರಿಗೇ ಎಷ್ಟು ಸಲ ಆಡಿದ್ದೇನೋ!

ಕಳೆದ ತಿಂಗಳು ನಿನಗೆ ಹೇಳದೆ ನೀನು ಕೆಲಸ ಮಾಡುವ ಟೈಲ್ಸ್ ಅಂಗಡಿಗೆ ಬಂದಿದ್ದೆ. ನೀನು ನೋಡಲಿಲ್ಲ, ನಾನು ವಾಷ್ ಬೇಸಿನ್ನುಗಳ ಹಿಂದೆ ನಿಂತಿದ್ದೆ. ಯಾರೋ ಗಂಡ ಹೆಂಡತಿ ಸೊಟ್ಟ ಮೂಲೆಯ ಅಡುಗೆಮನೆಯ ಅಳತೆ ಓದುತ್ತಿದ್ದರು. ಓದಿ ಮುಗಿಸುವಷ್ಟರಲ್ಲಿ ನೀನು, "ಇನ್ನೂರ ಹದಿಮೂರು ಬೇಕು. ಒಡೆಯೋದಕ್ಕೆ ಅಂತ ಹತ್ತು ಜಾಸ್ತಿ ಇಟ್ಕೊಳಿ" ಎಂದೆ. ಮಾಲೀಕ ಕ್ಯಾಲ್ಕುಲೇಟರ್ ಕುಟ್ಟಿ ಕುಟ್ಟಿ ಕೊನೆಗೆ ಅಲ್ಲಿಗೇ ಬಂದ. "ಇವಳು ನಮ್ ಅಂಗಡಿ ಮಿಷನ್ನು" ಎಂದು ನಕ್ಕ. ನೀನೂ ನಕ್ಕೆ. ನನಗೆ ಆ ಬೇಸಿನ್ನುಗಳನ್ನೆಲ್ಲ ನೆಲಕ್ಕೆ ಅಪ್ಪಳಿಸುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವಳು ನಾನು, ಉಂಡವಳು ನೀನು. ಈಗ ಯಾಕಮ್ಮನಿಗೂ ಅದೇ ಎಲೆ ಹಾಕಬೇಡ.

ರಜೆಯಲ್ಲಿ ಒಂದು ಬೆಳಗ್ಗೆ ಅವಳಿಗೆ ಅದೇ ಲೆಕ್ಕ ಕೊಟ್ಟೆ. ಬೇಕೆಂದೇ ಕೊಟ್ಟೆ. ಕಾಲಿಗೆ ಸಾಕ್ಸ್ ಹಾಕಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ. ಐವತ್ತಾರು ಎಂದಳು. ನಾನು ಸುತ್ತುಗಳನ್ನು ಬರೆಯತೊಡಗಿದರೆ, "ಗೆದ್ದೋರನ್ನ ಯಾಕಜ್ಜಿ ಎಣಿಸ್ತೀಯ? ಸೋತೋರನ್ನ ಎಣಿಸು. ಒಂದಾಟಕ್ಕೆ ಒಬ್ರು ಸೋಲ್ತಾರೆ. ಒಬ್ರನ್ನ ಬಿಟ್ಟು ಎಲ್ರೂ ಸೋಲ್ಬೇಕು. ಅಷ್ಟೇ" ಎಂದು ಇನ್ನೊಂದು ಸಾಕ್ಸ್ ಹುಡುಕಲು ಹೋದಳು. ಚೂಟಿ, ಇಪ್ಪತ್ತೇಳು ವರ್ಷದ ನಂತರ ಆ ನಿನ್ನ ಸಾಲು ನನಗೆ ಅರ್ಥವಾದದ್ದು ಆವತ್ತು. ನೀನು ಕದ್ದಿರಲಿಲ್ಲ ಎಂದು ತಿಳಿದದ್ದೂ ಆವತ್ತೇ. ಮೊದಲೇ ತಿಳಿದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಯಾವ ತಾಯಿ ಇರುತ್ತಾಳೆ? ನನ್ನದು ತಿಳಿಯದೆ ಆದ ತಪ್ಪು. ಅದಕ್ಕೆ ಏನು ಶಿಕ್ಷೆ ಕೊಟ್ಟರೂ ಸರಿ, ಆದರೆ ಅದನ್ನು ಮಗುವಿಗೆ ಕೊಡಬೇಡ.

ಆ ಟೀಚರ್ ನನ್ನಂಥವಳಲ್ಲ. ತಪ್ಪು ಉತ್ತರದ ಒಳಗಿನಿಂದ ಮಗುವನ್ನು ಹೊರಗೆ ತೆಗೆದವರು. ಅವರ ಕೈಗೆ ಕೊಡು. ನೀನು ಹೆದರಿದರೆ ಯಾಕಮ್ಮ ಇನ್ನೂ ಚೆನ್ನಾಗಿ ಬಚ್ಚಿಟ್ಟುಕೊಳ್ಳಲು ಕಲಿಯುತ್ತಾಳೆ. ಏಳು ಕೂಡಿಸುವುದು ಬಿಟ್ಟು ಬೇರೆ ಬೇರೆ ಅಂಕಿ ಕೂಡಿಸುತ್ತಾಳೆ, ಆಗ ಯಾರ ಕೈಗೂ ಸಿಗುವುದಿಲ್ಲ. ನೀನು ನನಗೆ ಸಿಕ್ಕೆಯಾ?

ನನ್ನ ಮೇಲಿನ ಸಿಟ್ಟನ್ನು ಹಾಗೇ ಇಟ್ಟುಕೋ. ನನ್ನ ಮನೆಗೆ ಬರಬೇಡ, ಫೋನ್ ಎತ್ತಬೇಡ. ಶುಕ್ರವಾರದೊಳಗೆ ಸಹಿ ಹಾಕು.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಹಾಕುವ ಮುಂಚೆ ಓದಿ ನೋಡಿದೆ. ಇದರಲ್ಲಿ ಒಂದು ಸುಳ್ಳಿದೆ. ತಿದ್ದುವುದು ನನ್ನ ಕೆಲಸವಾಗಿತ್ತು, ತಿದ್ದಿಯೇ ಕಳಿಸುತ್ತೇನೆ.

ನಿನ್ನ ಸಾಲು ನನಗೆ ಅರ್ಥವಾದದ್ದು ಈ ರಜೆಯಲ್ಲಲ್ಲ, ಆ ಚಪ್ಪಾಳೆಯ ಮರುದಿನ, ಶುಕ್ರವಾರ. ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತಿದ್ದೆ. ಒಂದನೇ ಕ್ಲಾಸಿನ ಮಕ್ಕಳು ಆಡುತ್ತಿದ್ದರು. ಔಟಾದವರೆಲ್ಲ ಗೋಡೆಯ ಪಕ್ಕ ಸಾಲಾಗಿ ನಿಂತಿದ್ದರು, ಮಧ್ಯದಲ್ಲಿ ಒಂದೇ ಒಂದು ಮಗು. ನಾನು ಗೋಡೆಯ ಪಕ್ಕದವರನ್ನು ಎಣಿಸಿದೆ. ಆ ದೊಡ್ಡ ಶಾಲೆಗೆ ಆಯ್ಕೆಯ ಪಟ್ಟಿ ಹೋಗುವುದು ಶನಿವಾರ ಮಧ್ಯಾಹ್ನ, ಇನ್ನೂ ಹೆಡ್ಮಾಸ್ಟರ ಮೇಜಿನ ಮೇಲೇ ಇತ್ತು. ಅವರ ಬಾಗಿಲ ತನಕ ಹೋದೆ. ಒಳಗೆ ಯಾರೋ ದೊಡ್ಡವರು ಕೂತಿದ್ದರು. "ಬನ್ನಿ ಟೀಚರ್, ಈಗ ನಿಮ್ಮ ವಿಷ್ಯಾನೇ ಹೇಳ್ತಿದ್ದೆ. ಇಂಥೋರು ಸಿಗಲ್ಲ ಸಾರ್" ಎಂದರು ಹೆಡ್ಮಾಸ್ಟರು. ನಾನು ಸೀಮೆಸುಣ್ಣದ ಡಬ್ಬಿ ಕೇಳಿ ತೆಗೆದುಕೊಂಡು ಬಂದೆ.

ಸಂಜೆ ಮನೆಗೆ ಬಂದಾಗ ನೀನು ಹೊಸ ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡುತ್ತಿದ್ದೆ. ಐದಕ್ಕೆ ಮೂರು ಕೂಡಿಸುವುದನ್ನೂ ನಾಲ್ಕು ಹಂತ ಮಾಡಿ, ಒಂದೊಂದರ ಕೆಳಗೂ ಸ್ಕೇಲಿನಲ್ಲಿ ಗೆರೆ ಎಳೆದು ಬರೆದಿದ್ದೆ. ತಂದು ನನ್ನ ಮುಂದೆ ಹಿಡಿದೆ. "ಈಗ ಸರಿ ಇದ್ಯಾ ಅಮ್ಮ?" ಎಂದೆ.

ನನಗೆ ಎಲ್ಲ ಗೊತ್ತಿತ್ತು. ಆದರೂ "ಬಹಳ ಒಳ್ಳೆಯದು" ಎಂದು ಕೆಂಪು ಮಸಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟೆ.