ಗೋಡೆಗೆ ಬಟ್ಟೆ ಬಿಟ್ಟಿಲ್ಲ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ಇವರು ಕೊಟ್ಟ ಮಾತು: ಹೊಸ ಮನೆಯಲ್ಲಿ ಹೊಲಿಗೆಗೆ ಬೇರೆ ಕೋಣೆ. ಎಂಟಡಿ ಅಗಲ. ಬೀದಿ ಕಡೆ ಕಿಟಕಿ. ಬಾಗಿಲು. ಬಾಗಿಲಿಗೆ ಒಳಚಿಲಕ.

ಸಿಕ್ಕಿದ್ದು: ಇಂಜಿನಿಯರ್ ಕೊಟ್ಟ ಮೊದಲ ಪ್ಲಾನಿನಲ್ಲಿ ಏಳಡಿ. ಕಿಟಕಿ ಇಲ್ಲ. ಬಾಗಿಲು ಇದೆ, ದೊಡ್ಡ ಉಪಕಾರ.

ಇನ್ನೂ ಕೊಳ್ಳದ ಕಾರಿಗೆ ಜಾಗ ಇದೆ. ಇಪ್ಪತ್ತು ವರ್ಷದಿಂದ ಓಡುತ್ತಿರುವ ಮಷಿನ್ನಿಗೆ ಬೆಳಕಿಲ್ಲ.

ಈ ಬಾಡಿಗೆ ಮನೆಯಲ್ಲಿ ಮಷಿನ್ ಇರುವುದು ಬಚ್ಚಲ ಬಾಗಿಲ ಮುಂದೆ. ಯಾರಿಗೆ ಅರ್ಜೆಂಟಾದರೂ ನಾನು ಸ್ಟೂಲು ಎತ್ತಿಕೊಂಡು ಏಳಬೇಕು. ಹೆಂಗಸರು ಟ್ರಯಲ್‌ಗೆ ಬಂದರೆ ಇವರನ್ನೂ ಮೈದುನನನ್ನೂ ಮೆಟ್ಟಿಲಿಗೆ ಅಟ್ಟಬೇಕು. ಅರ್ಧ ತೋಳು ಹಾಕಿಕೊಂಡವಳು ಯಾವ ಗಳಿಗೆಯಲ್ಲಿ ಯಾರು ನುಗ್ಗುತ್ತಾರೋ ಎಂದು ನಡುಗುತ್ತಾ ನಿಲ್ಲುತ್ತಾಳೆ. ಇದು ದುಡಿಯುವ ಜಾಗವೇ? ಹಾದಿ.

ಯೂನಿಫಾರ್ಮ್ ಹನ್ನೆರಡು ಜೊತೆ ಬಾಕಿ. ಏಳಬೇಕು.

ಮಾರ್ಚ್ 5, ಬುಧವಾರ

ಊಟದ ಮೇಜಿನ ಪಕ್ಕದ ಗೋಡೆಗೆ ಪ್ಲಾನಿನ ಜೆರಾಕ್ಸ್ ಅಂಟಿಸಿದ್ದಾರೆ. ದಾರ ಕಟ್ಟಿದ ಪೆನ್ಸಿಲ್ ನೇತಾಡುತ್ತಿದೆ. "ಎಲ್ರೂ ಅಭಿಪ್ರಾಯ ಬರೀರಿ. ಇದು ಎಲ್ರ ಮನೆ." ಇವರ ಘೋಷಣೆ. ಭಾರೀ ಪ್ರಜಾಪ್ರಭುತ್ವ!

ಅತ್ತೆ ಹೇಳಿದ್ದನ್ನು ಮೈದುನ ಬರೆದ: ಹಾಲ್ ಸಣ್ಣದು, ನಾಲ್ಕು ಜನ ಕೂತರೆ ಮೊಣಕಾಲು ಡಿಕ್ಕಿ. ಮೈದುನ ತನ್ನದನ್ನು ದಪ್ಪಗೆ ಬರೆದ: ನನ್ನ ಬೆಡ್‌ರೂಮ್ ಹತ್ತಡಿ ಬೇಕು. ಇವರು: ಕಾರು.

ನಾನು ಒಂದೇ ಸಾಲು. ಹೊಲಿಗೆ ಕೋಣೆ, ಎಂಟಡಿ, ಕಿಟಕಿ.

ಸಂಜೆ ನೋಡಿದರೆ ನನ್ನ ಸಾಲಿನ ಪಕ್ಕ ಯಾರೋ ನಗುವ ಮುಖ ಬರೆದಿದ್ದಾರೆ. ಹಿಂದೆ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ನಮ್ಮ ಬೇಡಿಕೆ ಪಟ್ಟಿಯ ಮೇಲೆ ಟೀ ಲೋಟ ಇಟ್ಟಿದ್ದ. ಅವನೇ ವಾಸಿ. ಅವನಾದರೂ ನಗಲಿಲ್ಲ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ 3

ಮೈದುನ ಹೊಸ ಪ್ಲಾನ್ ತಂದ. ಅವನ ಕೆಲಸ ಫ್ಲೆಕ್ಸ್ ಬೋರ್ಡ್ ಡಿಸೈನ್. ಇಂಜಿನಿಯರನ ಪ್ಲಾನನ್ನು ಕಂಪ್ಯೂಟರಿನಲ್ಲಿ ತಾನೇ ತಿದ್ದಿ, ಬಣ್ಣ ತುಂಬಿ, ಕಲರ್ ಪ್ರಿಂಟ್ ಹಾಕಿಸಿದ್ದಾನೆ. ಚುನಾವಣೆಗೆ ನಿಂತ ಹಾಗಿದೆ ಮನೆ.

"ಅತ್ತಿಗೆ, ಎಲ್ರ ಫೀಡ್‌ಬ್ಯಾಕೂ ಸೇರ್ಸಿದೀನಿ."

ಹಾಲ್ ಹತ್ತಡಿ. ಅವನ ಬೆಡ್‌ರೂಮ್ ಹತ್ತಡಿ. ನಡುವೆ ನನ್ನದು ಆರು. ಹೆಸರೂ ಹೋಗಿದೆ, 'ಸ್ಟೋರ್' ಅಂತೆ. ಬಾಗಿಲಿದ್ದಲ್ಲಿ ಅಲೆಅಲೆಯಾದ ಗೆರೆ.

"ಇದೇನಪ್ಪಾ, ಇಲ್ಲಿ ಕಾಲುವೆ ಹರಿಯುತ್ತಾ?"

"ಪರದೆ ಅತ್ತಿಗೆ. ಬಾಗಿಲಾದ್ರೆ ಸುಮ್ನೆ ಜಾಗ ತಿನ್ನುತ್ತೆ."

"ನಿನ್ನ ಬೆಡ್‌ರೂಮಿಗೂ ಪರದೆನೇನಾ?"

ಮೈದುನ ಕಿವಿ ಕೆರೆದುಕೊಂಡ. ಇವರು ನಡುವೆ ಬಾಯಿ ಹಾಕಿದರು. "ಎಲ್ಲದಕ್ಕೂ ಜಿಂದಾಬಾದ್ ಶುರು ಮಾಡ್ಬೇಡ ಕಣೇ. ಪರದೆ ತಾನೆ, ನೀನೇ ಹೊಲ್ಕೊಬಹುದು."

ಎಲ್ಲಿ ಕೂತು ಹೊಲಿಯಲಿ ಎಂದು ಕೇಳಲಿಲ್ಲ. ಬಾಯಿ ಬಿಟ್ಟಿದ್ದರೆ ಬೈಗುಳವೇ ಬರುತ್ತಿತ್ತು.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 5.30

ಕತ್ತರಿಸಲು ಬಟ್ಟೆ ಹಾಸಿದೆ. ಕಣ್ಣು ಗೋಡೆಯ ಮೇಲಿನ ಕಲರ್ ಪ್ಲಾನಿನ ಕಡೆಗೇ. ಏನೋ ಕಿರಿಕಿರಿ...

ಹತ್ತು, ಆರು, ಹತ್ತು. ಇಪ್ಪತ್ತಾರು. ಕಟ್ಟಡದ ಹೊರ ಅಗಲವೂ ಇಪ್ಪತ್ತಾರು.

ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ಹೊಲಿಗೆಗೆ ಬಟ್ಟೆ ಎಲ್ಲಿ ಬಿಟ್ಟಿದ್ದಾನೆ? ಎದೆ ಮೂವತ್ತಾರು ಇದ್ದವಳಿಗೆ ಮೂವತ್ತಾರೇ ಕತ್ತರಿಸುತ್ತಾರೆಯೇ? ಎಲ್ಲ ಗೋಡೆಯೂ ಒಂದೊಂದೇ ಗೆರೆ. ಇಂಜಿನಿಯರನ ಪ್ಲಾನಿನಲ್ಲಿ ಜೋಡಿ ಗೆರೆ ಇತ್ತು. ಫ್ಲೆಕ್ಸಿನವನಿಗೆ ಗೆರೆ ಅಂದರೆ ಗೆರೆ. ಅದಕ್ಕೆ ದಪ್ಪ ಇಲ್ಲ, ಇಟ್ಟಿಗೆ ಇಲ್ಲ.

ಯಾರಿಗೂ ಹೇಳುವುದಿಲ್ಲ. ಸಾಕ್ಷಿಯನ್ನು ಸಭೆಗೆ ಮೊದಲೇ ಬಿಚ್ಚಬಾರದು. ಫ್ಯಾಕ್ಟರಿಯ ಕಾರ್ಮಿಕ ಸಂಘ ಕಲಿಸಿದ ಪಾಠ.

ಮಾರ್ಚ್ 16, ಭಾನುವಾರ. ಮಧ್ಯಾಹ್ನ 1

ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಇಂಜಿನಿಯರ್ ಹತ್ತಕ್ಕೆ ಬಂದ. ಮಾತೆಲ್ಲ ಇವರ ಹತ್ತಿರ. ಸರ್, ಸರ್, ಸರ್. ಕಲರ್ ಪ್ರಿಂಟ್ ನೋಡಿ "ಚೆನ್ನಾಗಿದೆ" ಅಂದ. ನಾನು ಟೇಪು ಕೊರಳಿಗೆ ಹಾಕಿಕೊಂಡೇ ಹೋಗಿ ನಿಂತೆ.

"ಇದ್ರಲ್ಲಿ ಗೋಡೆಗೆ ಬಟ್ಟೆ ಬಿಟ್ಟಿಲ್ವಲ್ಲ ಸ್ವಾಮಿ?"

"ಏನಮ್ಮಾ?"

"ಮೂರು ರೂಮು ಕೂಡ್ಸಿ. ಇಪ್ಪತ್ತಾರು. ಗೋಡೆ ಯಾರ ಸೈಟಲ್ಲಿ ಕಟ್ತೀರಿ?"

ಕೂಡಿದ. ಮತ್ತೆ ಕೂಡಿದ. ಪೆನ್ನಿನ ಮುಚ್ಚಳ ಕಚ್ಚಿದ. ಹೊರಗೋಡೆ ಎರಡು, ಒಂಬತ್ತೊಂಬತ್ತು ಇಂಚು. ಒಳಗೋಡೆ ಎರಡು, ನಾಲ್ಕೂವರೆ ನಾಲ್ಕೂವರೆ. ಒಟ್ಟು ಇಪ್ಪತ್ತೇಳು ಇಂಚು ಎಲ್ಲೂ ಇಲ್ಲ!

ಮೈದುನನ ಮುಖ ಸುಟ್ಟ ಬದನೆಕಾಯಿ. ಅರ್ಧ ನಿಮಿಷ ನಾನೇ ಗೆದ್ದೆ. ಬರೀ ಅರ್ಧ ನಿಮಿಷ.

"ಎಲ್ಲಾದ್ರೂ ಎರಡೂಕಾಲಡಿ ಕಡಿಮೆ ಮಾಡ್ಬೇಕು ಸರ್," ಅಂದ ಇಂಜಿನಿಯರ್.

ಮೂರು ಜೊತೆ ಕಣ್ಣು ಸ್ಟೋರಿನ ಮೇಲೆ ಬಿದ್ದವು. ತಪ್ಪು ಹಿಡಿದವಳು ನಾನು, ದಂಡವೂ ನನಗೇ.

"ಸ್ಟೋರ್ ತಾನೆ," ಅಂದರು ಇವರು.

ಆರರಲ್ಲಿ ಎರಡೂಕಾಲು ಕಳೆದರೆ ಮೂರು ಮುಕ್ಕಾಲು. ನನ್ನ ಮಷಿನ್ನಿನ ಮೇಜು ನಾಲ್ಕಡಿ.

ಇಂಜಿನಿಯರ್ ಪ್ಲಾನ್ ಮಂಜೂರಾತಿಯ ಅರ್ಜಿ ಮುಂದಿಟ್ಟ. ಸೈಟು ಇಬ್ಬರ ಹೆಸರಲ್ಲಿದೆ, ಎರಡು ಸಹಿ ಬೇಕು. ಇವರು ಹಾಕಿದರು. ಪೆನ್ನು ನನ್ನ ಕಡೆ ಚಾಚಿದರು.

"ಹಾಕಲ್ಲ."

"ಹಟ ಮಾಡ್ಬೇಡ."

"ಹಟ ಅಲ್ಲ. ಮುಷ್ಕರ."

ಪೆನ್ನು ತೆಗೆದುಕೊಂಡು ರವಿಕೆಗೆ ಸಿಕ್ಕಿಸಿಕೊಂಡೆ. ಇಂಜಿನಿಯರನ ಪೆನ್ನು. ಕೇಳುವ ಧೈರ್ಯ ಅವನಿಗೂ ಬರಲಿಲ್ಲ.

ಮಾರ್ಚ್ 17

ಮನೆಯಲ್ಲಿ ತಟ್ಟೆ, ಲೋಟದ ಸದ್ದು ಮಾತ್ರ. ಮಷಿನ್ ನಿಲ್ಲಿಸಲಿಲ್ಲ. ಬೇಕೆಂದೇ ಜೋರಾಗಿ ತುಳಿದೆ.

ಮಾರ್ಚ್ 20, ಗುರುವಾರ. ಮಧ್ಯಾಹ್ನ 2

ಅತ್ತೆ ಬಂದು ಬಚ್ಚಲ ಬಾಗಿಲಲ್ಲಿ ನಿಂತರು. ಸ್ಟೂಲು ಎತ್ತಿದೆ. "ಕೂತ್ಕೊಳೇ, ಅದಕ್ಕಲ್ಲ ಬಂದಿದ್ದು."

ಗೋಡೆಗೆ ಒರಗಿಕೊಂಡರು. ಆಮೇಲೆ, "ನಿನ್ನ ಕೋಣೆಗೆ ಕೇಳಿದ್ಯಲ್ಲ, ಆ ಚಿಲಕ... ಒಳಗಿಂದ ಹಾಕೋ ಅಂಥದ್ದಾ?"

"ಹೌದು ಅತ್ತೆ."

"ನನ್ನ ಮಂಚ ಎಲ್ಲಿ ಹಾಕ್ತಾರೆ ಹೇಳು, ಆ ಬಣ್ಣದ ಪೇಪರಲ್ಲಿ?"

ಎದ್ದು ಹೋಗಿ ನೋಡಿದೆ. ಹಾಲಿನ ಮೂಲೆ. ಟಿವಿಯ ಎದುರು. ಎಪ್ಪತ್ತರ ಹೆಂಗಸಿಗೆ ಸೀರೆ ಬದಲಿಸಲು ನಾಲ್ಕು ಗೋಡೆ ಇಲ್ಲ. ಅದಕ್ಕೇ ಹಾಲ್ ದೊಡ್ಡದಿರಲಿ ಅಂದಿದ್ದರು. ನೆಂಟರಿಗಲ್ಲ. ಆ ಪ್ಲಾನನ್ನು ಎಷ್ಟು ದಿನ ದುರುಗುಟ್ಟಿಕೊಂಡು ನೋಡಿದ್ದೇನೆ! ನನ್ನ ಕೋಣೆ ಬಿಟ್ಟು ಬೇರೇನೂ ಕಂಡಿರಲಿಲ್ಲ. ಒಬ್ಬಳದೇ ಬೇಡಿಕೆ ಪಟ್ಟಿ ಬರೆದವಳು ನಾನು. ಸಂಘದಲ್ಲಾಗಿದ್ದರೆ ಮುಖಕ್ಕೆ ಉಗಿಯುತ್ತಿದ್ದರು.

"ಹಾಲಿಂದ ಒಂದಡಿ ತಗೋ," ಅಂದರು. "ಮಧ್ಯಾಹ್ನ ಎರಡು ಗಂಟೆ ಹೊತ್ತು ನನಗೂ ಒಳಗೆ ಜಾಗ ಕೊಡು. ಆ ಹೊತ್ತಲ್ಲಿ ಮಷಿನ್ ತುಳೀಬಾರ್ದು ಮತ್ತೆ, ತಲೆ ಒಡೆಯುತ್ತೆ."

"ಒಂದೂವರೆ ಗಂಟೆ."

"ಆಯ್ತು ಹೋಗೇ, ಲಾಯರು."

ಹನ್ನೆರಡು ಇಂಚು ಸಿಕ್ಕಿತು. ಎಂಟಲ್ಲದಿದ್ದರೆ ಆರಡಿಯಾದರೂ ಉಳಿಯಲು ಇನ್ನು ಹದಿನೈದು ಬಾಕಿ. ಅದು ಮೈದುನನ ಬೆಡ್‌ರೂಮಿನಿಂದ ಬರಬೇಕು.

ಮಾರ್ಚ್ 22, ಶನಿವಾರ. ಸಂಜೆ 5

ಮಹಡಿಯ ಮೇಲೆ ಸೀಮೆಸುಣ್ಣದಿಂದ ಪೂರ್ತಿ ಅಳತೆಗೆ ಬರೆದೆ. ಮೂರು ಕೋಣೆ, ಜೋಡಿ ಗೆರೆಯ ಗೋಡೆ. ನನ್ನ ಕೋಣೆ ಮಾತ್ರ ಅವರು ಕೊಟ್ಟಷ್ಟೇ. ಮೂರು ಮುಕ್ಕಾಲು.

ಇವರು ಒಣಗಿದ ಬಟ್ಟೆ ತೆಗೆಯಲು ಬಂದರು. ಗೆರೆಗಳ ನಡುವೆ ನಿಂತರು. "ಇದಾ?" ಅಂದರು.

"ಇದೇ. ಕೈ ಚಾಚಿ."

ಚಾಚಿದರು. ಒಂದು ಕೈ ಹಾಲಿಗೆ ಹೋಯಿತು, ಇನ್ನೊಂದು ತಮ್ಮನ ಬೆಡ್‌ರೂಮಿಗೆ. ಮೆಲ್ಲಗೆ ಕೈ ಮಡಚಿಕೊಂಡರು. ಹೊರಡುವಾಗ ಗೆರೆ ತುಳಿಯದೆ, ಬಾಗಿಲಿರಬೇಕಾದ ಜಾಗದಿಂದಲೇ ದಾಟಿದರು.

ಕೆಳಗೆ ಅಣ್ಣ ತಮ್ಮ ಜಗಳ ಆಡುವುದು ಕೇಳುತ್ತಿದೆ. "ಹದಿನೈದೇ ಇಂಚು ಕಣೋ!" ಇವರ ದನಿ. "ಅಷ್ಟಿದ್ರೆ ನಿನ್ನ ಕಾರಿಂದ ಕೊಡು!" ಮೈದುನ.

ಕೊಡುತ್ತಾನೋ ಇಲ್ಲವೋ. ಕೊಡದಿದ್ದರೆ ಸಹಿಯೂ ಇಲ್ಲ, ಮನೆಯೂ ಇಲ್ಲ. ಬಚ್ಚಲ ಮುಂದೆಯೇ ಸಾಯುತ್ತೇನೆ, ಪರದೆಯ ಹಿಂದೆ ಅಲ್ಲ.

ಗೆರೆ ಅಳಿಸಿಲ್ಲ. ಅತ್ತೆಗೆ ಕುರ್ಚಿ ಹಾಕಿಯಾಯಿತು, ನನ್ನ ಕೋಣೆಯ ಒಳಗೇ. ಇಂಜಿನಿಯರಿಗೆ ತಿಳಿಸಿದ್ದೇನೆ, ನಾನೇ ಫೋನ್ ಮಾಡಿ. ಸಭೆ ಮಹಡಿಯ ಮೇಲೆ. ಪೆನ್ನು ನನ್ನ ಹತ್ತಿರವೇ ಇದೆ. ನಾಳೆ, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.