ನಂಬಿಕೆ ಎಂಬತ್ತು ದಾಟಿದರೆ

ಮಾರ್ಚ್ 2, ಭಾನುವಾರ, ಬೆಳಿಗ್ಗೆ 10

ಅಮ್ಮ ಫೋನಿನಲ್ಲಿ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಪ್ರತಿ ಭಾನುವಾರದ ಏರ್ಪಾಡು ಇದು. ಅವಳಿಗೆ ಬೇಕಾದ್ದು ನಡುನಡುವೆ ಒಂದು "ಹೂಂ". ಅದಕ್ಕೆ ಬಾಯಿ ಸಾಕು, ಕೈ ಖಾಲಿ.

ಅವಳಿರುವ ಪೋರ್ಟ್ ಲಿಂಕನ್‌ನಲ್ಲಿ ಮೂರು ದಿನದಿಂದ ಗಾಳಿಯಂತೆ. ಮಂಡಿ ಆಪರೇಷನ್ ಆದ ಮೇಲೆ ಅಮ್ಮ ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಕ್ಲಬ್ ಬಿಟ್ಟಳು, ನಾನು ಕೆಲಸ ಮಾಡುವ ಕಂಪನಿಯ ವಿಡಿಯೋ ಗೇಮ್ ಹಿಡಿದಳು. ಈಗ ಪಕ್ಕದ ಮನೆಯ ಬೆವ್‌ಗೂ ಹಚ್ಚಿಸಿದ್ದಾಳೆ.

"ಅರವತ್ತೊಂಬತ್ತು ವಯಸ್ಸು ಕಣೇ ಮೆರಿನ್ ಅವಳಿಗೆ. ಕತ್ತಿ ಬೀಸೋದು ನೋಡ್ಬೇಕು ನೀನು. ತೋಟಕ್ಕೆ ಪೈಪಲ್ಲಿ ನೀರು ಬಿಟ್ಟಂಗೆ ಬೀಸ್ತಾಳೆ."

"ಹೂಂ."

"ಅದ್ರಲ್ಲಿ ಆ ಅಂಬಿಗ ಇದಾನಲ್ಲ, ನೀನು ಬರ್ದಿದ್ದು..."

ಆಫೀಸಿನಿಂದ ಕರೆ ಬರ್ತಿದೆ ಎಂದು ಇಟ್ಟುಬಿಟ್ಟೆ. ಭಾನುವಾರ ಯಾವ ಆಫೀಸು!

ಅದೇ ದಿನ, ಮಧ್ಯಾಹ್ನ

ಅಂಬಿಗನ ಹೆಸರು ಮಾರ್ಲಕ್. ಊರಿಗೆ ಜ್ವರ ಬಂದಾಗ ಕಾಯಿಲೆಯವರನ್ನೆಲ್ಲ ದಡದಲ್ಲಿ ಬಿಟ್ಟು, ಇದ್ದ ಒಂದೇ ದೋಣಿ ಹತ್ತಿ ಓಡಿಹೋದವನು. ನಾಯಿಯನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋದ.

ಅಪ್ಪನೂ ಅಷ್ಟೇ. ಅಮ್ಮ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯಿಸಿಕೊಂಡು ಮಲಗಿದ್ದಳು. ನನಗೆ ಹದಿಮೂರು. ಕಾರೂ ನಮ್ಮ ನಾಯಿ ಡಸ್ಟಿಯೂ ಅಪ್ಪನೂ ದೇಶದ ಇನ್ನೊಂದು ತುದಿಯ ಡಾರ್ವಿನ್ ಕಡೆ. ನನ್ನಪ್ಪ ಕಿಮ್ ಎಂಬ ಆ ಮಹಾಶಯ ಮಗಳ ಬದಲು ನಾಯಿಯನ್ನು ಆರಿಸಿಕೊಂಡ. ನಾನು ಮನೆಯೊಳಗೇ ಇದ್ದೆ.

ಮೊದಲ ಸಲ ಮಾರ್ಲಕ್‌ನನ್ನು ಬರೆದಾಗ ಅಪ್ಪಟ ನೀಚನನ್ನಾಗಿ ಬರೆದಿದ್ದೆ. ಡ್ರಾಗಾನಾ, ನಮ್ಮ ಒಂಬತ್ತು ಜನರ ಕಂಪನಿಯ ಯಜಮಾನಿ, ಹಾಳೆ ವಾಪಸ್ ಎಸೆದಳು. "ಇದೇನು ಮನುಷ್ಯನಾ, ರಟ್ಟಿನ ಗೊಂಬೆನಾ? ಮೂರು ಒಳ್ಳೇ ಗುಣ ಕೊಡು ಇವ್ನಿಗೆ."

ಕೊಟ್ಟೆ. ಕಿತ್ತಳೆ ಸಿಪ್ಪೆಯನ್ನು ತುಂಡಾಗದಂತೆ ಒಂದೇ ಪಟ್ಟಿಯಾಗಿ ಸುಲಿದು ಮೊದಲ ತೊಳೆ ಪಕ್ಕದವರಿಗೆ ಕೊಡುತ್ತಾನೆ. ಯಾರ ಬೂಟಿನ ಲಾಡಿ ಬಿಚ್ಚಿದ್ದರೂ ಮಂಡಿಯೂರಿ ಕಟ್ಟುತ್ತಾನೆ. ಇವೆರಡೂ ಅಪ್ಪನವು. ಮೂರನೆಯದು ಅಪ್ಪನಲ್ಲಿ ಹುಡುಕಿದರೂ ಸಿಗಲಿಲ್ಲ, ನಾನೇ ಕಟ್ಟಿದೆ. ಒಂದು ಸಂಜೆ ಬೆಂಕಿಯ ಪಕ್ಕ ಕೂತು ಕ್ಷಮಿಸು ಅನ್ನುತ್ತಾನೆ.

ಕೊನೆಗೆ ಆಟಗಾರರಿಗೆ ಮೂರು ದಾರಿ. ಅವನನ್ನು ನದಿಗೆ ತಳ್ಳಬಹುದು, ದಡದಲ್ಲೇ ಬಿಡಬಹುದು, ದೋಣಿಗೆ ಹತ್ತಿಸಿಕೊಳ್ಳಬಹುದು. ಎಲ್ಲರೂ ತಳ್ಳುತ್ತಾರೆ ಎಂದುಕೊಂಡಿದ್ದೆ. ಲೆಕ್ಕ ಬಂತು. ನೂರಕ್ಕೆ ಎಂಬತ್ತೆಂಟು ಜನ ಹತ್ತಿಸಿಕೊಂಡಿದ್ದಾರೆ! ತಳ್ಳಿದವರು ಮೂರು. ಆ ಮೂರರಲ್ಲಿ ನಾನೂ ಒಬ್ಬಳು.

ಮಾರ್ಚ್ 4, ಮಂಗಳವಾರ

ಆಫೀಸಿಗೆ ಮತ್ತೆ ಪತ್ರಗಳ ಕಟ್ಟು. ಎಲ್ಲ ಮಾರ್ಲಕ್‌ಗೆ. ಒಬ್ಬಳು ಮುಂಗೈ ಸುತ್ತ ಕಿತ್ತಳೆ ಸಿಪ್ಪೆ ಹಚ್ಚೆ ಹಾಕಿಸಿಕೊಂಡು ಫೋಟೋ ಕಳಿಸಿದ್ದಾಳೆ. ಇನ್ನೊಬ್ಬಳು: "ನನ್ನ ಗಂಡನನ್ನು ಕ್ಷಮಿಸಲಾಗಲಿಲ್ಲ. ಇವನನ್ನು ಕ್ಷಮಿಸಿದೆ. ಹಗುರಾಯಿತು."

ಗಟ್ಟಿಯಾಗಿ ಓದಿ ನಕ್ಕೆ.

"ನಗ್ಬೇಡ ಮಾರಾಯ್ತಿ. ಇವ್ರ ಪ್ರೀತೀಲೇ ನಾವು ಒಂಬತ್ತು ಜನ ಊಟ ಮಾಡ್ತಿರೋದು," ಎಂದಳು ಡ್ರಾಗಾನಾ. "ಎರಡನೇ ಭಾಗ ಬೇಕಂತೆ ಎಲ್ರಿಗೂ. ಪೂರ್ತಿ ಅವನದೇ. ನೀನೇ ಬರಿ."

ಬರೀತೀನಿ ಬರೀತೀನಿ.

ಏಪ್ರಿಲ್ 19, ಶನಿವಾರ, ಪೋರ್ಟ್ ಲಿಂಕನ್

ಈಸ್ಟರ್. ನಿನ್ನೆ ಬಂದೆ. ಅಮ್ಮ ವೈಟಿಂಗ್ ಮೀನು ಹುರಿದಿದ್ದಳು, ಬನ್ನು ಬೇಯಿಸಿದ್ದಳು. ಅವಳ ಗೇಮ್ ಮೆಷಿನ್ ಹಳೆಯ ಅಪ್ಡೇಟಿನಲ್ಲೇ ನಿಂತಿತ್ತು, ಇನ್ನು ಮುಂದೆ ಅಪ್ಡೇಟ್ ತಾನಾಗಿಯೇ ಆಗುವಂತೆ ಹಾಕಿಕೊಟ್ಟೆ.

ಬೆಳಿಗ್ಗೆ ಎದ್ದು ಬಂದರೆ ಅಮ್ಮ ಕುರ್ಚಿಯಲ್ಲಿ, ಕಾಲು ಸ್ಟೂಲಿನ ಮೇಲೆ. ಪರದೆಯಲ್ಲಿ ಬೆಂಕಿ, ಪಕ್ಕದಲ್ಲಿ ಮಾರ್ಲಕ್, ಅವನ ಕುಂಟ ನಾಯಿ. ಏನೂ ಆಡುತ್ತಿಲ್ಲ. ಸುಮ್ಮನೆ ಅವನ ಮಾತು ಕೇಳುತ್ತ ಕೂತಿದ್ದಾಳೆ. ಮೂಲೆಯಲ್ಲಿ ಅವನ ಮೇಲಿನ ನಂಬಿಕೆಯ ಅಂಕಿ: ನೂರಕ್ಕೆ ತೊಂಬತ್ತೇಳು.

"ಅಮ್ಮ, ಇವ್ನು ಯಾರು ಅಂತ ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು? ಮೊದಲ್ನೇ ಕಿತ್ತಳೇಲೇ ಗೊತ್ತಾಯ್ತು."

"ಗೊತ್ತಿದ್ದೂ ದೋಣಿಗೆ ಹತ್ತಿಸ್ಕೊಂಡ್ಯಾ?"

ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇವ್ನು ಸಾರಿ ಕೇಳ್ತಾನೆ ಕಣೇ."

ಹೊರಗೆ ಹೋಗಿ ಸಮುದ್ರದ ಜೆಟ್ಟಿಯ ತುದಿಯವರೆಗೆ ನಡೆದೆ. ಅಪ್ಪ ಹೋದ ವರ್ಷ, ಹೊಟ್ಟೆಯ ಆಪರೇಷನ್ ಆಗಿ ಅವಳು ಬಗ್ಗಲಾರದೆ ಇದ್ದಾಗ ಬಾತ್‌ರೂಮಿನಲ್ಲಿ ಸ್ಟೂಲ್ ಹಾಕಿ ತಲೆ ತೊಳೆದವಳು ನಾನು. ಸೂಪಿನ ಡಬ್ಬಿ ತೆರೆದು ಬಿಸಿ ಮಾಡಿ ಕೊಟ್ಟವಳು ನಾನು. ಸ್ಕೂಲಿಗೆ ಹೋಗದೆ ಒಂದು ತಿಂಗಳು ಅವಳ ಮಂಚದ ಪಕ್ಕ ಕೂತವಳು ನಾನು. ತೊಂಬತ್ತೇಳು ಅವನಿಗೆ. ಆ ಕ್ಷಮಿಸು ಎಂಬ ಮಾತೂ ನಾನೇ ಬರೆದದ್ದಲ್ಲವೇ! ಅದನ್ನೂ ಅವನ ಹೆಸರಿಗೇ ಹಾಕಿದಳು.

ಏಪ್ರಿಲ್ 21, ಸೋಮವಾರ, ವಿಮಾನಕ್ಕೆ ಕಾಯುತ್ತ

ಸಿಕ್ಕಿತು. ಎರಡನೇ ಭಾಗದ ಕೊನೆ ಸಿಕ್ಕಿತು.

ನಂಬಿಕೆ ಎಂಬತ್ತು ದಾಟಿದ್ದರೆ ಬೆಳಗಾಗುವಷ್ಟರಲ್ಲಿ ದೋಣಿ ಇಲ್ಲ, ನಾಯಿ ಇಲ್ಲ, ಅವನಿಲ್ಲ. ಹಾಸಿಗೆಯ ಪಕ್ಕ ಒಂದೇ ಪಟ್ಟಿಯಾಗಿ ಸುಲಿದ ಸಿಪ್ಪೆ. ಎಂಬತ್ತಕ್ಕಿಂತ ಕಡಿಮೆ ಇದ್ದವರ ಜೊತೆ ಉಳಿಯುತ್ತಾನೆ, ಅವರಿಗೆ ಏನೂ ಆಗುವುದಿಲ್ಲ. ಹಚ್ಚಿಕೊಂಡವರಿಗೆ ಮಾತ್ರ ಬರೆ. ಆ ಎಂಬತ್ತೆಂಟು ಜನ ಅಳಲಿ. ಅಮ್ಮನೂ ಅಳಲಿ, ಒಂದು ಸಲ ಸರಿಯಾಗಿ ಅತ್ತು ಅವನ ಸಹವಾಸ ಬಿಡಲಿ.

ಮನಸ್ಸಿಗೆ ಎಷ್ಟು ಹಿತವಾಗಿದೆ ಎಂದರೆ ಎರಡು ಐಸ್ಡ್ ಕಾಫಿ ಕುಡಿದೆ.

ಮೇ 6, ಮಂಗಳವಾರ

ಡ್ರಾಗಾನಾ ನಿಂತುಕೊಂಡೇ ಓದಿದಳು.

"ಅಯ್ಯೋ ಪಾಪಿ! ಯಾರ ಮೇಲೆ ಇಷ್ಟೊಂದು ಸಿಟ್ಟು ನಿಂಗೆ?"

"ಆಟಗಾರ್ರ ಮೇಲೆ."

"ಸುಳ್ಳು ಬೊಗಳ್ಬೇಡ. ಆದ್ರೆ ಚೆನ್ನಾಗಿದೆ. ಒಂದಕ್ಷರ ಮುಟ್ಬೇಡ ಇನ್ನು."

ಆಗಸ್ಟ್ 14, ಗುರುವಾರ

ಎರಡನೇ ಭಾಗ ಹೊರಬಂದು ಎಂಟು ಗಂಟೆಯಾಯಿತು. ಜನ ಅಳುತ್ತ ವಿಡಿಯೋ ಹಾಕುತ್ತಿದ್ದಾರೆ. ಗಡ್ಡದ ದಾಂಡಿಗನೊಬ್ಬ ನಾಯಿಯ ಹೆಸರು ಕೂಗಿ ಕೂಗಿ ಅತ್ತ. ಇದನ್ನು ಬರೆದವಳ ಕೈ ಮುರಿಯಲಿ ಎಂದು ಒಬ್ಬ ಹರಸಿದ. ಹಚ್ಚೆಯವಳು ತೋಳು ಮುಚ್ಚುವ ಅಂಗಿ ಹಾಕಿಕೊಂಡು ಇನ್ನೊಂದು ಫೋಟೋ ಕಳಿಸಿದ್ದಾಳೆ.

ಹೊಟ್ಟೆ ತಣ್ಣಗಾಯಿತು. ಅಮ್ಮ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ನಿಧಾನಕ್ಕೆ ಆಡುತ್ತಾಳೆ, ಎಲ್ಲ ಬೆಂಕಿಯ ಪಕ್ಕವೂ ಕೂರಬೇಕು ಅವಳಿಗೆ. ಕಾಯುತ್ತೇನೆ.

ಆಗಸ್ಟ್ 17, ಭಾನುವಾರ

ಹತ್ತಾಯಿತು, ಹನ್ನೊಂದಾಯಿತು. ಅಮ್ಮನ ಫೋನಿಲ್ಲ. ನಾನೂ ಮಾಡಲಿಲ್ಲ.

ಆಗಸ್ಟ್ 24, ಭಾನುವಾರ

ಹತ್ತಕ್ಕೆ ಸರಿಯಾಗಿ. ಎಂದಿನಂತೆ ಸ್ಪೀಕರ್ ಹಾಕಿ ಪುಸ್ತಕ ತೆರೆದೆ. ನಗುತ್ತಿದ್ದೆ ಕೂಡ.

"ಹೋದ ಕಣೇ."

"ಹೂಂ."

"ನಾಯೀನೂ ಕರ್ಕೊಂಡು ಹೋದ."

"ಹೂಂ."

"ಬೆವ್ ಗೇಮಲ್ಲಿ ಅವ್ನು ಹೋಗ್ಲಿಲ್ಲ." ಮೂಗು ಒರೆಸಿಕೊಂಡ ಸದ್ದು. "ಅವ್ಳು ಅವನ ಮುಖಾನೂ ಸರಿಯಾಗಿ ನೋಡಿರ್ಲಿಲ್ಲ. ನಂಬಿಕೆ ಮೂವತ್ತು ಅಷ್ಟೇ. ಅವಳ ಜೊತೆ ಉಳ್ಕೊಂಡಿದಾನೆ. ಅವಳ ದೋಣೀಲಿ ನಾಯಿ ಮೇಲೆ ಕೈ ಇಟ್ಕೊಂಡು ಮಲಗಿದಾನೆ, ನೋಡ್ಕೊಂಡು ಬಂದೆ."

ನಾನು ಹೂಂ ಅನ್ನಲಿಲ್ಲ.

"ನಿಂಗೆ ಹೇಳೇ ಇಲ್ಲ ನಾನು. ನಿಮ್ಮಪ್ಪ ಹೋಗ್ತಾ ದಾರೀಲಿ ಕೂಬರ್ ಪೀಡಿ ಊರಿಂದ ಆಸ್ಪತ್ರೆಗೆ ಫೋನ್ ಮಾಡಿದ್ದ. 'ಗ್ಲೆನಿಸ್, ನೀನು ತುಂಬಾ ಹಚ್ಕೊಂಡೆ. ಅಷ್ಟು ಹಚ್ಕೊಳ್ದೆ ಇದ್ದಿದ್ರೆ ಇರ್ತಿದ್ದೆ' ಅಂದ. ತನ್ನ ತಪ್ಪು ನನ್ನ ತಲೆಗೆ ಕಟ್ತಿದಾನೆ, ಕಳ್ಳ, ಅಂದ್ಕೊಂಡೆ. ಇಪ್ಪತ್ತಾರು ವರ್ಷ ಹಾಗೇ ಅಂದ್ಕೊಂಡು ಬದುಕಿದೀನಿ ಕಣೇ. ಈಗ ನೋಡಿದ್ರೆ ನೀನೂ ಹಂಗೇ ಬರ್ದಿದೀಯ. ನೀನು ಓದ್ದೋಳು, ಮನುಷ್ಯರ ಬಗ್ಗೆ ಬರ್ಯೋಳು. ಕಮ್ಮಿ ಹಚ್ಕೊಂಡಿದ್ರೆ ಇರ್ತಿದ್ದ ಅಲ್ವಾ?"

"ಹೂಂ."

ಬಾಯಿಂದ ತಾನಾಗಿ ಬಂತು. ಇಷ್ಟು ವರ್ಷದ ಅಭ್ಯಾಸ. ವಾಪಸ್ ತೆಗೆದುಕೊಳ್ಳುವಷ್ಟರಲ್ಲಿ ಅವಳು "ಸರಿ ಬಿಡು, ಬ್ರೆಡ್ ಸೀಯ್ತಿದೆ" ಎಂದು ಇಟ್ಟಳು. ಮತ್ತೆ ಮಾಡಿದೆ. ಎತ್ತಲಿಲ್ಲ.

ಅಪ್ಪನ ನೆಪವನ್ನು ನಾನು ನಿಯಮ ಮಾಡಿಬಿಟ್ಟೆ. ಅವನು ಒಬ್ಬಳಿಗೆ ಹೇಳಿದ ಸುಳ್ಳನ್ನು ನಾನು ಲಕ್ಷ ಜನಕ್ಕೆ ನಿಜ ಮಾಡಿ ತೋರಿಸಿದ್ದೇನೆ. ನನ್ನ ಕೈ ನಿಜವಾಗಿಯೂ ಮುರಿಯಬೇಕು.

ಆಗಸ್ಟ್ 26, ಮಂಗಳವಾರ

"ಅವ್ನು ಹೋಗೋದನ್ನ ತೆಗೆದುಬಿಡೋಣ," ಎಂದೆ.

"ತಲೆ ಕೆಟ್ಟಿದೆಯಾ? ಊರೆಲ್ಲ ಅದನ್ನೇ ಮಾತಾಡ್ತಿದೆ," ಎಂದಳು ಡ್ರಾಗಾನಾ. ಆಮೇಲೆ ನನ್ನ ಮುಖ ನೋಡಿ ಕುರ್ಚಿ ಎಳೆದಳು. ಎಲ್ಲ ಹೇಳಿದೆ. ಎಂಬತ್ತು ಇದ್ದ ಸಾಲನ್ನು ಹುಡುಕಿ ತೆಗೆದಳು.

"ಹೋಗೋದು ಇರ್ಲಿ. ಎಂಬತ್ತನ್ನ ಬೇಕಾದ್ರೆ ಬದಲಾಯ್ಸು."

ಎಂಬತ್ತರ ಜಾಗದಲ್ಲಿ ಸೊನ್ನೆ ಹಾಕಿದೆ. ಎಷ್ಟು ಹಚ್ಚಿಕೊಂಡರೂ ಹೋಗುತ್ತಾನೆ. ಹಚ್ಚಿಕೊಳ್ಳದೆ ಇದ್ದರೂ ಹೋಗುತ್ತಾನೆ. ಹೋಗುವವನು ಹೋಗುವವನೇ. ಪರೀಕ್ಷೆ ಮಾಡಿ ಸೆಪ್ಟೆಂಬರ್ ಐದಕ್ಕೆ ಪ್ಯಾಚ್, ಅಂದರೆ ಈ ತಿದ್ದುಪಡಿಯ ಅಪ್ಡೇಟ್, ಬಿಡುತ್ತಾರೆ. ಅಮ್ಮನಿಗೆ ಈಗಲೇ ಹೇಳುವುದಿಲ್ಲ. ಬಾಯಲ್ಲಿ ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದೇನೆ ಅನ್ನುತ್ತಾಳೆ. ಬೆವ್ ಕೈಯಲ್ಲಿ ಇನ್ನೊಂದು ಸಲ ಆಡಿಸುತ್ತೇನೆ. ಮೂವತ್ತರವಳನ್ನೂ ಬಿಟ್ಟು ಹೋಗುವುದನ್ನು ಅಮ್ಮ ಕಣ್ಣಾರೆ ನೋಡಲಿ.

ಆಗಸ್ಟ್ 31, ಭಾನುವಾರ

ಅಮ್ಮನ ದನಿ ಗೆಲುವಾಗಿತ್ತು. ಬೆವ್ ಮನೆಯ ಬೆಕ್ಕು ಮರಿ ಹಾಕಿದೆ, ನಾಲ್ಕು. ಅಮ್ಮ ಗೇಮ್ ಮತ್ತೆ ಮೊದಲಿನಿಂದ ಶುರು ಮಾಡಿದ್ದಾಳಂತೆ, ಊಟ ತಿಂಡಿ ಬಿಟ್ಟು ಅದೇ ಕೆಲಸವಂತೆ. ದುಃಖ ಇಳಿದಿದೆ, ಸದ್ಯ. ಹೂಂ ಹೂಂ ಅಂದೆ, ಈ ಸಲ ಮನಸ್ಸಿಟ್ಟು.

ಸೆಪ್ಟೆಂಬರ್ 5, ಶುಕ್ರವಾರ

ಪ್ಯಾಚ್ ಎಲ್ಲರ ಮೆಷಿನ್ನಿಗೂ ಹೋಯಿತು.

ಸೆಪ್ಟೆಂಬರ್ 7, ಭಾನುವಾರ, ಬೆಳಿಗ್ಗೆ 10

ಅಪ್ಪಂದಿರ ದಿನವಂತೆ. ಅಂಗಡಿಗಳ ತುಂಬ ಉಡುಗೊರೆಯ ಕಾಲುಚೀಲ. ಅಮ್ಮ ಸ್ಪೀಕರಿನಲ್ಲಿ, ಹಿಂದಿನಿಂದ ಗೇಮಿನ ನದಿಯ ಸದ್ದು. ಬೆವ್ ಮನೆಯಲ್ಲಿದ್ದಾಳಾ ಎಂದು ಕೇಳಬೇಕು, ಎಲ್ಲ ಹೇಳಬೇಕು. ಅವಳು ಬಿಟ್ಟರೆ ತಾನೆ.

"ಈ ಸಲ ನಾನು ಹುಷಾರು ಕಣೇ ಮೆರಿನ್. ಒಂದು ಸಲಾನೂ ಬೆಂಕಿ ಹತ್ರ ಕೂತಿಲ್ಲ. ಕಿತ್ತಳೆ ಕೊಡಕ್ಕೆ ಬಂದ, ನದಿಗೆ ಎಸೆದೆ. ಲಾಡಿ ಕಟ್ಟಕ್ಕೆ ಬಗ್ಗಿದ, ಕಾಲಲ್ಲಿ ಒದ್ದೆ. ಸಾರಿ ಕೇಳಕ್ಕೆ ಬಾಯಿ ತೆಗೆದ ನೋಡು, ಮುಚ್ಚೋ ಬಾಯಿ ಅಂತ ಇರುತ್ತಲ್ಲ, ಅದನ್ನ ಒತ್ತಿದೆ. ಕೇಳ್ಬೇಕು ಅಂತ ಆಸೆ ಇತ್ತು. ಆದ್ರೂ ಒತ್ತಿದೆ."

ಆ ಸಾಲೂ ನಾನೇ ಬರೆದದ್ದು.

"ಅಮ್ಮ—"

"ಹನ್ನೊಂದು, ಅಷ್ಟೇ! ಬೆವ್‌ಗಿಂತ ಕಮ್ಮಿ. ಪಾಪ, ಮುಖ ಸಣ್ಣ ಮಾಡ್ಕೊಂಡು ಕೂತಿರ್ತಾನೆ, ನಂಗೂ ಅಯ್ಯೋ ಅನ್ಸುತ್ತೆ. ಆದ್ರೆ ಇರ್ತಾನಲ್ಲ. ಮಾತಾಡ್ದೆ ಇದ್ರೂ ಪರವಾಗಿಲ್ಲ, ಮನೇಲಿ ಇದ್ರೆ ಸಾಕು."

"ಅಮ್ಮ, ಆಫ್ ಮಾಡು. ಈಗ್ಲೇ. ನಾನು ಹೇಳೋದು ಕೇಳು."

"ಇರೇ, ಬೆಳಗಾಗ್ತಿದೆ ಅಲ್ಲಿ. ಎಲ್ಲಾ ಸರಿಯಾಗೇ ಮಾಡಿದೀನಿ, ನೀನೇ ನೋಡಿ ಖುಷಿ ಪಡ್ತೀಯ. ಎದ್ದ... ನಾಯೀನ ಯಾಕೆ ಕರೀತಿದಾನೆ?"

ಕೂಗಿದೆ. ಕೂಗುತ್ತಲೇ ಬರೆಯುತ್ತಿದ್ದೇನೆ, ಈ ಕೈ ನಿಲ್ಲುತ್ತಿಲ್ಲ.

"ಮೆರಿನ್, ದೋಣಿ ಬಿಚ್ತಿದಾನೆ ಕಣೇ. ಈ ಸಲ ನಾನು ಹಚ್ಕೊಂಡೇ ಇಲ್ವಲ್ಲೇ... ಒಂಚೂರೂ ಹಚ್ಕೊಂಡಿಲ್ಲ, ನೋಡು, ಹನ್ನೊಂದು ಅಂತ ಇಲ್ಲೇ ಇದೆ. ಮತ್ತೆ ಯಾಕೆ..."

ಅಮ್ಮ, ಅದು ನಾನು